ಹೊತ್ತು ಸಾಲದ ಹೊಂಬಾಳಮ್ಮ

ಕಣ್ಣು ಮುಚ್ಕೋ ಮರಿ, ಹೇಳ್ತೀನಿ. ಒಂದಾನೊಂದು ಕಾಲ ಅಂದ್ರೆ ಗಡಿಯಾರ ಇನ್ನೂ ಹುಟ್ಟೇ ಇರದ ಕಾಲ. ಕೋಳಿ ಕೂಗಿದ್ರೆ ಬೆಳಗು, ದನ ಕೊಟ್ಟಿಗೆಗೆ ಬಂದ್ರೆ ಸಂಜೆ. ಆಗ ಒಂದು ಗುಡ್ಡದ ಬುಡದಲ್ಲಿ ಕುಂಬಾರರ ಮನೆ ಇತ್ತಂತೆ, ಆ ಮನೇಲಿ ಹೊಂಬಾಳಮ್ಮ ಅಂತ ಒಬ್ಬ ಸೊಸೆ ಇದ್ಳಂತೆ. ಗಂಡ ಕುಳ್ಳಶೆಟ್ಟಿ, ಮೈದುನ ಮಾದಶೆಟ್ಟಿ, ಅವರ ಮೇಲೊಬ್ಬಳು ಅತ್ತೆ, ತೊಟ್ಟಿಲಲ್ಲಿ ಒಂದು ಕೂಸು.

ಹೊಂಬಾಳಮ್ಮನಿಗೆ ಒಂದೇ ಕೊರಗು. ಹೊತ್ತು ಸಾಲದು. ನಸುಕಲ್ಲೇ ಎದ್ದು ರಾಗಿ ಬೀಸಿ, ಕೊಟ್ಟಿಗೆ ಬಾಚಿ, ನೀರು ಸೇದಿ, ಮುದ್ದೆ ತಿರುವಿ, ಆಮೇಲೆ ಜೇಡಿಮಣ್ಣು ತುಳಿದು ಹದ ಮಾಡಿ ಗಂಡ ಮಡಕೆ ತಿರುಗಿಸೋ ತಿಗರಿ ಮುಂದೆ ಇಟ್ಟು, ಅವನು ಮಾಡಿದ ಮಡಕೆ ಬಿಸಿಲಿಗೆ ಹಾಕಿ, ಆಮೇಲೆ ಕೂಸಿಗೆ ಎರೆದು, ಇನ್ನೇನು ತಲೆ ಬಾಚ್ಕೊಳೋಣ ಅಂತ ಕೂತ್ರೆ ಕತ್ತಲಾಗಿಬಿಡೋದಂತೆ. ಅವಳ ತಲೆ ಹೆಂಗಾಗಿತ್ತು ಅಂದ್ರೆ, ಒಂದು ಗುಬ್ಬಿ ಬಂದು ಗೂಡು ಕಟ್ಟಬಹುದಾ ಅಂತ ಜಾಗ ನೋಡ್ಕೊಂಡು ಹೋಯ್ತಂತೆ. ನಗ್ತೀಯಾ? ನಿದ್ದೆ ಮಾಡು ಅಂದ್ರೆ ನಗ್ತದೆ ನೋಡು.

ಒಂದು ಸಂಜೆ ಸೌದೆ ತರೋಕೆ ಅಂತ ಗುಡ್ಡ ಹತ್ತಿದ್ಳಂತೆ. ನೋಡ್ತಾಳೆ, ಸೂರ್ಯ ಅಲ್ಲೇ ಪಕ್ಕದಲ್ಲಿ ಇಳೀತಾ ಇದಾನೆ. ಮುಖ ಕೆಂಪಗಾಗಿದೆ, ಏದುಸಿರು ಬಿಡ್ತಾ ಇದಾನೆ. ಅಯ್ಯೋ ಪಾಪ ಅನ್ನಿಸಿ, ತನಗೆ ಅಂತ ತಂದಿದ್ದ ಮಜ್ಜಿಗೆನ ಅವನ ಮುಂದೆ ಹಿಡಿದು, ಕುಡಿಯಪ್ಪ, ದಿನಾ ಹಿಂಗೇ ಉರ್ಕೊಂಡು ಹೋಗ್ತೀಯಲ್ಲ ಅಂದ್ಳಂತೆ. ಸೂರ್ಯ ಗಟಗಟ ಕುಡಿದು ಮೀಸೆ ಒರೆಸ್ಕೊಂಡು, ತಾಯಿ, ಎಲ್ಲರೂ ಕೈ ಮುಗೀತಾರೆ, ಬಾಯಾರಿಕೆ ಆಗ್ತದಾ ಅಂತ ಯಾರೂ ಕೇಳಿರ್ಲಿಲ್ಲ, ಏನು ಬೇಕೋ ಕೇಳು ಅಂದ್ನಂತೆ. ಇವಳು ಬಂಗಾರ ಕೇಳ್ಲಿಲ್ಲ, ಸೀರೆ ಕೇಳ್ಲಿಲ್ಲ. ಇನ್ನೊಂಚೂರು ಹೊತ್ತು ಇರಪ್ಪ, ನನ್ನ ಕೆಲಸ ಮುಗೀಲಿ ಅಂದ್ಳಂತೆ. ಅಷ್ಟೇ ತಾನೇ ಅಂತ ಸೂರ್ಯ ಗುಡ್ಡದ ಮೇಲೆ ಕುಕ್ಕರುಗಾಲಲ್ಲಿ ಕೂತ್ಕೊಂಡ್ನಂತೆ.

ಇವಳು ಓಡಿ ಮನೆಗೆ ಬಂದ್ರೆ, ಕುಳ್ಳಶೆಟ್ಟಿ ಏಳ್ತಾ ಇದ್ದವನು ಮತ್ತೆ ತಿಗರಿ ಮುಂದೆ ಕೂತು, ಇನ್ನೂ ಬೆಳಕೈತೆ, ಮಣ್ಣು ತುಳಿಯಮ್ಮಿ ಅಂದ್ನಂತೆ. ತುಳಿಯೋ ಅಷ್ಟರಲ್ಲಿ ಸೂರ್ಯ ಹೋಗೇಬಿಟ್ಟ.

ಮಾರನೇ ದಿನ ಮತ್ತೆ ಮಜ್ಜಿಗೆ ತಗೊಂಡು ಹೋಗಿ, ನಿನ್ನೆದು ಏನೂ ಸಾಲ್ಲಿಲ್ಲ, ಇವತ್ತು ಅದಕ್ಕಿಂತ ಜಾಸ್ತಿ ಇರು ಅಂದ್ಳಂತೆ. ಸೂರ್ಯ ಇದ್ದ. ಆದ್ರೆ ಅತ್ತೆ ಅಟ್ಟ ಹತ್ತಿ ಹಳೇ ಕೌದಿನೆಲ್ಲಾ ಕೆಳಗೆ ಎಸೆದು, ಹೆಂಗೂ ಹೊತ್ತೈತೆ, ಇವನ್ನೂ ಒಗೆದುಬಿಡು ಅಂದ್ಳಂತೆ. ಮಾದಶೆಟ್ಟಿ ಒಂದು ನಿದ್ದೆ ತೆಗೆದು ಎದ್ದು, ಬೆಳಕು ನೋಡಿ, ಬೆಳಗಾಯ್ತು ಅಂದ್ಕೊಂಡು, ಅತ್ತಿಗೆ, ಹೊಟ್ಟೆಗೇನೈತೆ ಅಂತ ಕೇಳಿದ್ನಂತೆ. ನೋಡು ಮರಿ, ಹೊತ್ತು ಜಾಸ್ತಿ ಆದಷ್ಟೂ ಕೆಲಸವೂ ಜಾಸ್ತಿ ಆಯ್ತು.

ಮೂರನೇ ದಿನ ಹೊಂಬಾಳಮ್ಮನಿಗೆ ಸಿಟ್ಟು ಬಂತಂತೆ. ಗುಡ್ಡ ಹತ್ತಿ ಸೂರ್ಯನಿಗೆ ಮಜ್ಜಿಗೆ ಕೊಟ್ಟು, ನಾನೇ ಬಾಯಿಬಿಟ್ಟು ಹೋಗು ಅನ್ನೋವರೆಗೂ ನೀನು ಕದಲಕೂಡದು, ನಿಮ್ಮಮ್ಮನಾಣೆ ಹಾಕು ಅಂದ್ಳಂತೆ. ಸೂರ್ಯ ಮಜ್ಜಿಗೆ ಕುಡಿದುಬಿಟ್ಟಿದ್ದ, ಇನ್ನೇನು ಮಾಡ್ತಾನೆ, ಆಣೆ ಹಾಕಿದ.

ಆಮೇಲೆ ಸಂಜೆನೇ ಆಗ್ಲಿಲ್ಲ. ಹುಂಜ ಯಾವಾಗ ಕೂಗ್ಬೇಕೋ ತಿಳೀದೆ ಕೂಗಿ ಕೂಗಿ ಗಂಟಲು ಕಟ್ಟಿ ಕಪ್ಪೆ ಥರ ವಟಗುಟ್ಟಿತಂತೆ. ಹಸಿ ಮಡಕೆ ಬಿಸಿಲಲ್ಲಿ ಒಣಗಿ ಒಣಗಿ ಟಪ್ ಟಪ್ ಅಂತ ಸೀಳಿಹೋದ್ವಂತೆ. ಬಾವಿ ನೀರು ತಳ ಕಂಡಿತು. ಊರಿನ ಮಕ್ಕಳಿಗೆಲ್ಲಾ ನಿದ್ದೆ ಇಲ್ಲದೆ ಒಂದೇ ರಂಪ. ಹೊಂಬಾಳಮ್ಮ ಮಾತ್ರ ಮಣ್ಣು ತುಳೀತಾನೇ ಇದ್ಳು. ತುಳೀತಾ ತುಳೀತಾ ಕಾಲು ಸೋತು, ಹಂಗೇ ಮಣ್ಣಿನ ಗುಡ್ಡೆಗೆ ಒರಗಿ ನಿದ್ದೆ ಹೋದ್ಳಂತೆ. ಎಂಥ ನಿದ್ದೆ! ಮದುವೆಯಾಗಿ ಬಂದಾಗಿನಿಂದ ಬಾಕಿ ಇದ್ದ ನಿದ್ದೆಯೆಲ್ಲಾ ಒಟ್ಟಿಗೇ ಬಂತಂತೆ.

ಕುಳ್ಳಶೆಟ್ಟಿ ಹೆದರಿ ಗುಡ್ಡಕ್ಕೆ ಓಡಿ, ಸ್ವಾಮಿ, ಮುಳುಗಪ್ಪ, ಊರು ಬೆಂದುಹೋಗ್ತೈತೆ ಅಂತ ಕಾಲಿಗೆ ಬಿದ್ನಂತೆ. ಸೂರ್ಯ ಆಕಳಿಸ್ತಾ, ನಂಗೇನು ಇಲ್ಲಿ ಕೂತಿರೋಕೆ ಆಸೆನಾ, ಮನೇಲಿ ನಮ್ಮಮ್ಮ ಗಂಜಿ ಆರ್ತದೆ ಅಂತ ಕಾಯ್ತಾ ಇರ್ತಾಳೆ, ಆಣೆ ಹಾಕಿದೀನಿ, ನಿನ್ನ ಹೆಂಡ್ತಿ ಹೋಗು ಅಂದ್ರೆ ಹೋಗ್ತೀನಿ ಅಂದ್ನಂತೆ.

ಸರಿ, ಮನೆಗೆ ಬಂದು ಅವಳನ್ನ ಅಲ್ಲಾಡಿಸಿದ್ರು, ತಮಟೆ ಬಡಿದ್ರು, ಮುಖಕ್ಕೆ ನೀರು ಹಾಕಿದ್ರು. ಹೊಂಬಾಳಮ್ಮ ಕಣ್ಣೇ ಬಿಡದೆ, ರಾಗಿ ಬೀಸಿಲ್ಲ, ಕೊಟ್ಟಿಗೆ ಬಾಚಿಲ್ಲ, ಹೆಂಗೆ ಹೋಗು ಅನ್ಲಿ ಅಂತ ಗೊಣಗಿ ಮಗ್ಗಲು ಬದಲಾಯಿಸಿದ್ಳಂತೆ.

ಕುಳ್ಳಶೆಟ್ಟಿ ಬೀಸೋಕಲ್ಲಿನ ಮುಂದೆ ಕೂತ. ಹಿಟ್ಟು ಮೊರಕ್ಕಿಂತ ಮೀಸೆಗೇ ಜಾಸ್ತಿ ಬಿತ್ತಂತೆ. ಮಾದಶೆಟ್ಟಿ ಕೊಟ್ಟಿಗೆಗೆ ಹೋದ. ಅವನ ಮುಖ ಕಂಡೇ ಇರದ ಹಸು ಕಳ್ಳ ಅಂದ್ಕೊಂಡು ಒಂದು ಒದ್ದು ಸಗಣಿಯಲ್ಲಿ ಕೂರಿಸ್ತಂತೆ. ಎಲ್ಲಾ ಮುಗಿಸಿ ಬಂದು, ಆಯ್ತು ಕಣಮ್ಮಿ, ಹೋಗು ಅನ್ನು ಅಂದ್ರೆ, ನೀರು? ಮುದ್ದೆ? ಅಂದ್ಳಂತೆ, ಕಣ್ಣು ಮುಚ್ಕೊಂಡೇ.

ಮಾದಶೆಟ್ಟಿ ಬಾವಿಯಿಂದ ಕೆಸರು ನೀರು ಸೇದಿ, ಸೋಸಿ, ಹೊತ್ತು ತಂದ. ಕುಳ್ಳಶೆಟ್ಟಿ ಮುದ್ದೆ ತಿರುವಿದ. ಅದನ್ನ ಗೋಡೆಗೆ ಎಸೆದ್ರೆ ಅಲ್ಲೇ ಅಂಟ್ಕೋತಿತ್ತಂತೆ. ಕೈಯೆಲ್ಲಾ ಬೊಬ್ಬೆ. ಅವಾಗ ಕುಳ್ಳಶೆಟ್ಟಿ ಸೌಟು ಹಿಡ್ಕೊಂಡು ನಿಂತು, ಅವ್ವಾ, ಇವಳು ಇಷ್ಟನ್ನೂ ದಿನಾ ಮಾಡ್ತಿದ್ಳಾ ಅಂತ ಕೇಳಿದ್ನಂತೆ. ಅತ್ತೆ ಅವನ ಕೈಯಿಂದ ಸೌಟು ಇಸ್ಕೊಂಡ್ಳಂತೆ. ಅವಳೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ ತಾನೇ.

ಮತ್ತೆ ಹೋಗಿ, ಎಲ್ಲಾ ಆಯ್ತು ಅಂದ್ರು. ಕೂಸು? ಅಂದ್ಳು ಹೊಂಬಾಳಮ್ಮ.

ಅಯ್ಯಯ್ಯೋ, ಕೂಸನ್ನ ಮರೆತೇಬಿಟ್ಟಿದ್ರು! ತೊಟ್ಟಿಲಲ್ಲಿ ಅದು ಅತ್ತು ಅತ್ತು ಬಿಕ್ಕಳಿಸ್ತಾ ಇತ್ತಂತೆ. ಗಂಡ ಎತ್ಕೊಂಡ್ರೆ ಕಿರುಚ್ತು, ಮೈದುನ ಎತ್ಕೊಂಡ್ರೆ ಇನ್ನೂ ಕಿರುಚ್ತು, ಅವನ ಮೈ ಸಗಣಿ ವಾಸನೆ ನೋಡು. ಆಮೇಲೆ ಅತ್ತೆ, ಇಲ್ಲಿ ತನ್ನಿ ಅಂತ ಕೂಸನ್ನ ಮಡಿಲಿಗೆ ಹಾಕ್ಕೊಂಡು, ಸೆರಗನ್ನ ಅದರ ಕಣ್ಣಿನ ಮೇಲೆ ಎಳೆದು ಕತ್ತಲು ಮಾಡಿ, ಮೆಲ್ಲಗೆ ತಟ್ಟಿದ್ಳಂತೆ. ತನ್ನ ಮಕ್ಕಳಿಗೆ ಹಾಡಿದ್ದ ಹಾಡು ಅರ್ಧಂಬರ್ಧ ನೆನಪಿತ್ತು, ಅದನ್ನೇ ಹಾಡಿದ್ಳು. ಕೂಸು ಒಂದು ಸಲ ಬಿಕ್ಕಿ, ಬೆರಳು ಚೀಪ್ತಾ, ನಿದ್ದೆ ಹೋಯ್ತಂತೆ.

ಅತ್ತೆ ಕೂತಲ್ಲಿಂದಲೇ, ಎಲ್ಲಾ ಆಯ್ತು ಕಣೇ ಮಗಳೇ ಅಂದ್ಳು. ಸೊಸೇನ ಮಗಳೇ ಅಂದಿದ್ದು ಅದೇ ಮೊದಲಂತೆ. ಹೊಂಬಾಳಮ್ಮ ಒಂದು ಕಣ್ಣು ತೆರೆದು ಕೂಸನ್ನ ನೋಡಿ, ಅತ್ತೇನ ನೋಡಿ, ಹಂಗಾದ್ರೆ ಹೋಗಪ್ಪ ಅಂದ್ಳು. ಅನ್ನೋದೇ ತಡ, ಸೂರ್ಯ ಗುಡ್ಡದ ಹಿಂದಕ್ಕೆ ದೊಪ್ಪಂತ ಹಾರಿದ್ನಂತೆ. ಊರಿಗೆ ಊರೇ ಇದ್ದಲ್ಲೇ ಮಲಗ್ತು.

ಅವತ್ತಿಂದ ರಾಗಿ ಬೀಸೋದು ಗಂಡಂದು, ಕೊಟ್ಟಿಗೆ, ನೀರು ಎರಡೂ ಮೈದುನಂದು, ಕೂಸು ಅತ್ತೇದು. ಮಣ್ಣು ತುಳಿದು ಅಡುಗೆ ಮಾಡಿದ್ರೆ ಹೊಂಬಾಳಮ್ಮನ ಕೆಲಸ ಮುಗೀತು. ಇನ್ನೂ ಬಿಸಿಲಿರೋವಾಗ್ಲೇ ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತಿರೋಳಂತೆ. ದಾರೀಲಿ ಹೋಗೋರು, ಏನ್ ಹೊಂಬಾಳಕ್ಕ, ಏನ್ ಮಾಡ್ತಿದೀಯ ಅಂದ್ರೆ, ಏನೂ ಇಲ್ಲ ಕಣಮ್ಮ, ಸುಮ್ನೆ ಕೂತಿದೀನಿ ಅನ್ನೋಳಂತೆ, ರಾಣಿ ಥರ.

ಅವಳು ಅಲ್ಲಿ ಕೂತ್ಳು, ಕತೆ ಇಲ್ಲಿ ಮಲಗ್ತು. ಮರೀ? ಓ ಮರೀ? ಹ್ಞೂಂ, ನಿದ್ದೆ ಬಂತು.