ಖಾಲಿ ನಿಮಿಷ

"ಅಜ್ಜಾರ, ಮುಂದ ಯಾರೂ ಇಲ್ಲದಾಗ ಯಾರನ್ನ ನೋಡಿ ನಡೀಬೇಕು?"

ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯ ಚನ್ನವೀರಯ್ಯ ಗುರುಗಳಿಗೆ ಕೇಳಿದ ಪ್ರಶ್ನೆ ಇದು. ಮಠದಲ್ಲಿ ಅವನಿಗಿಂತ ಹಿರಿಯನಾಗಿದ್ದ ಗುರುಪಾದಯ್ಯ ಹೋದ ತಿಂಗಳು ಬೇರೊಂದು ಮಠದ ಪೀಠಕ್ಕೆ ಹೋಗಿದ್ದ. ಒಂಬತ್ತು ವರ್ಷ ಚನ್ನವೀರಯ್ಯ ಆ ಹಿರಿಯನ ಬೆನ್ನು ನೋಡಿಕೊಂಡೇ ಓದಿದವನು. ಅವನು ಹತ್ತು ವಚನ ಬಾಯಿಪಾಠ ಮಾಡಿದರೆ ಇವನು ಹನ್ನೊಂದು ಮಾಡುತ್ತಿದ್ದ. ಅವನು ಐದಕ್ಕೆ ಎದ್ದರೆ ಇವನು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಎದ್ದು ಕೂರುತ್ತಿದ್ದ. ಈಗ ಮುಂದೆ ಯಾರೂ ಇಲ್ಲ. ಒಂದು ತಿಂಗಳಿಂದ ಪುಸ್ತಕದ ಒಂದೇ ಪುಟ ತೆರೆದುಕೊಂಡು ಬಿದ್ದಿತ್ತು. ಮುಂದಿನ ವರ್ಷ ಕಿರಿಯರಿಗೆ ಪಾಠ ಹೇಳುವ ಹೊಣೆ ತನ್ನ ಮೇಲೆ ಬರುತ್ತದೆ, ಹೀಗೇ ಆದರೆ ಅವರ ಎದುರು ಏನೆಂದು ಬಾಯಿ ತೆರೆಯಲಿ ಎಂಬ ಭಯ ಅವನಿಗಿತ್ತು.

ಗುರುಗಳಿಗೆ ವಯಸ್ಸು ಎಪ್ಪತ್ತೆಂಟು. ಶಾಸ್ತ್ರ ಎಷ್ಟು ಗೊತ್ತೋ ಸೈಕಲ್ ರೇಸಿನ ವಿಷಯವೂ ಅಷ್ಟೇ ಗೊತ್ತು. ಊರೂರಿಗೆ ಸೈಕಲ್ ಸವಾರರಿರುವ ಆ ಸೀಮೆಯಲ್ಲಿ ಅದೇನೂ ಹೊಸದಲ್ಲ. ಅವರು ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು, ಇದು ಯಾವ ಪುರಾಣದಲ್ಲೂ ಸಿಗುವುದಿಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡ ಎಂದು ಮೊದಲೇ ಹೇಳಿ ಕತೆ ಆರಂಭಿಸಿದರು.

ಒಂದು ಊರಿನಲ್ಲಿ ನೀಲಗಂಗಾ ಎಂಬ ಹುಡುಗಿ ಇದ್ದಳು. ಮನೆಯಿಂದ ಹೈಸ್ಕೂಲಿಗೆ ಏಳು ಕಿಲೋಮೀಟರು. ದಿನವೂ ಸೈಕಲ್ ಮೇಲೆ ಹೋಗಿ ಬರುತ್ತಿದ್ದಳು. ಆ ದಾರಿಯಲ್ಲಿ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹೋಗುತ್ತವೆ. ತುಂಬಿದ ಟ್ರ್ಯಾಕ್ಟರು ನಿಧಾನ, ಅದನ್ನು ನನ್ನಂಥ ಮುದುಕನೂ ಹಿಡಿದಾನು. ಖಾಲಿಯಾಗಿ ಮರಳುವ ಟ್ರ್ಯಾಕ್ಟರನ್ನು ಹಿಡಿಯುವುದು ಈ ಹುಡುಗಿಯ ಆಟ. ಎದುರಿಗೆ ಅದರ ಹಿಂಭಾಗ ಕಂಡಿತೋ, ಅವಳ ಕಾಲು ಅವಳ ಮಾತನ್ನೇ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರು ಇಲ್ಲದ ದಿನ ದಾರಿಯ ಹುಣಸೆಮರಗಳಿಗೆಲ್ಲ ಕಲ್ಲು ಹೊಡೆಯುತ್ತಾ ಹೋಗಿ, ತಡವಾಗಿ ಬಂದದ್ದಕ್ಕೆ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಚಂದ್ರವ್ವ ಎಂಬ ತರಬೇತುದಾರಳು ಒಂದು ದಿನ ಅವಳು ಟ್ರ್ಯಾಕ್ಟರು ಹಿಡಿಯುವುದನ್ನು ಕಂಡಳು. ಕ್ರೀಡಾ ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುವವಳು ಅವಳು. ಎಲ್ಲರೂ ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಟ್ರ್ಯಾಕ್ಟರಿನ ಚಾಲಕನನ್ನು ನಿಲ್ಲಿಸಿ ಎಷ್ಟು ವೇಗದಲ್ಲಿ ಹೋಗುತ್ತಿದ್ದೆ ಎಂದು ಕೇಳಿ ತಿಳಿದುಕೊಂಡಳು. ಮರುದಿನವೇ ಹುಡುಗಿಯ ಮನೆಗೆ ಹೋಗಿ ತಂದೆತಾಯಿಯನ್ನು ಒಪ್ಪಿಸಿದಳು.

ಅಕ್ಕೋರು ಅವಳಿಗೆ ಕಲಿಸಿದ್ದು ಟೈಂ ಟ್ರಯಲ್ ಎಂಬ ರೇಸು. ಇದು ವಿಚಿತ್ರವಾದ ರೇಸು, ಚನ್ನವೀರಾ. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಂದು ಎತ್ತರದ ಕಟ್ಟೆಯಿಂದ ನಿಮಿಷಕ್ಕೆ ಒಬ್ಬಳಂತೆ ಬಿಡುತ್ತಾರೆ. ಒಬ್ಬಳ ಗಾಳಿಯ ಮರೆಯಲ್ಲಿ ಇನ್ನೊಬ್ಬಳು ಅಡಗುವಂತಿಲ್ಲ. ಹಿಂದಿನವಳು ಮುಂದಿನವಳನ್ನು ಹಿಡಿದರೆ ದೂರದಿಂದ ಬಳಸಿಕೊಂಡೇ ದಾಟಬೇಕು. ಮೊದಲು ಮುಟ್ಟಿದವಳು ಗೆದ್ದಳು ಎಂದೂ ಅಲ್ಲ. ಕಡಿಮೆ ಹೊತ್ತಿನಲ್ಲಿ ಮುಟ್ಟಿದವಳು ಗೆದ್ದಳು. ಹೀಗಾಗಿ ಓಡಿಸುತ್ತಿರುವಾಗ ತಾನು ಗೆದ್ದೆನೋ ಸೋತೆನೋ ಯಾರಿಗೂ ಕಣ್ಣಿಗೆ ಕಾಣುವುದಿಲ್ಲ.

ನೀಲಗಂಗಾ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಳು. ತನಗಿಂತ ಒಂದು ನಿಮಿಷ ಮುಂಚೆ ಹೊರಟವಳನ್ನು ಟ್ರ್ಯಾಕ್ಟರು ಎಂದುಕೊಂಡಳು. ಅಂಗಿಯ ಬಣ್ಣ ಗುರುತಿಟ್ಟುಕೊಳ್ಳುವುದು, ಬೆನ್ನು ಹತ್ತುವುದು, ಹಿಡಿಯುವುದು. ಜಿಲ್ಲೆಯಲ್ಲಿ ಗೆದ್ದಳು, ರಾಜ್ಯದಲ್ಲಿ ಗೆದ್ದಳು, ದೇಶದಲ್ಲಿ ಗೆದ್ದಳು. ಉಪಾಯ ಸರಿಯೇ ಇದೆ ಎಂದು ಅವಳೂ ನಂಬಿದಳು, ಊರೂ ನಂಬಿತು.

ಆಮೇಲೆ ಪರದೇಶದ ರೇಸಿಗೆ ಹೋದಳು. ಹಲವು ದೇಶಗಳ ಹುಡುಗಿಯರು ಬಂದಿದ್ದರು. ಅವಳ ಮುಂದೆ ಹೊರಟವಳು ಆ ಸಲದ ಪದಕ ತನ್ನದೇ ಎಂದು ಎಲ್ಲರಿಂದ ಹೇಳಿಸಿಕೊಂಡು ಬಂದಿದ್ದ ಹುಡುಗಿ. ಇನ್ನೂ ಮೂರು ಕಿಲೋಮೀಟರು ಇರುವಾಗಲೇ ನೀಲಗಂಗಾ ಅವಳನ್ನು ಹಿಡಿದು ದಾಟಿದಳು. ಇಂಥವಳನ್ನೇ ಹಿಡಿದ ಮೇಲೆ ಇನ್ನೇನು ಉಳಿಯಿತು? ಕಾಲು ಸ್ವಲ್ಪ ಸಡಿಲಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಳು ಪಾಪ. ಗುರಿ ಮುಟ್ಟಿ ಕೈ ಎತ್ತಿ ನಕ್ಕಳು. ಫಲಕ ನೋಡಿದರೆ ನಾಲ್ಕನೆಯ ಸ್ಥಾನ. ಮೂರನೆಯವಳಿಗೂ ಅವಳಿಗೂ ಮೂರು ಸೆಕೆಂಡು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳು ಅಳುತ್ತಾ ಅಕ್ಕೋರ ಬಳಿ ಬಂದು, ಅವಳನ್ನು ಹಿಡಿದೆನಲ್ಲ ಎಂದಳು. ಅಕ್ಕೋರು ನೀರಿನ ಬಾಟಲಿ ಅವಳ ಕೈಗೆ ಕೊಟ್ಟಳು.

"ಹಿಡದಿ. ಆಕೀಗೆ ಜ್ವರ ಇತ್ತು."

ಊರಿಗೆ ಬಂದ ಮೇಲೆ, ರೇಸಿಗೆ ಕಳಿಸುವ ಸೈಕಲ್ ಸಂಘದವರಿಂದ ಕಾಗದ ಬಂತು. ಹೆಣ್ಣುಮಕ್ಕಳ ಈ ರೇಸಿನಿಂದ ಇಷ್ಟು ವರ್ಷದಲ್ಲಿ ಒಂದು ಪದಕವೂ ಬಂದಿಲ್ಲ. ಇನ್ನೊಂದೇ ಅವಕಾಶ. ಆಗಲೂ ಬರಿಗೈಯಲ್ಲಿ ಬಂದರೆ ಅಲ್ಲಿಂದ ಮುಂದೆ ಯಾರನ್ನೂ ಕಳಿಸುವುದಿಲ್ಲ, ಹಾಸ್ಟೆಲಿನಲ್ಲಿರುವ ಒಂದೇ ಒಂದು ಟೈಂ ಟ್ರಯಲ್ ಸೈಕಲ್ಲನ್ನು ಹುಡುಗರ ಹಾಸ್ಟೆಲಿಗೆ ಕೊಡುತ್ತೇವೆ ಎಂದು ಬರೆದಿದ್ದರು. ನೀಲಗಂಗಾಳ ಹಿಂದೆ ಆ ಸೈಕಲ್ ಹತ್ತಲು ಕಾದಿದ್ದ ಹುಡುಗಿಯರು ಆರು ಮಂದಿ. ಅವರು ಕಾಗದ ಓದಿದರು. ಮರುದಿನದಿಂದ ಅವಳಿಗಿಂತ ಮೊದಲೇ ಎದ್ದು ಅವಳ ಸೈಕಲ್ ಒರೆಸಿ ನಿಲ್ಲಿಸತೊಡಗಿದರು. ಅದು ಅವಳಿಗೆ ಕಾಗದಕ್ಕಿಂತ ಭಾರವಾಯಿತು.

ಒಂದು ವರ್ಷ ಕಳೆಯಿತು. ಮತ್ತೆ ಪರದೇಶ. ಆ ರೇಸಿನ ಕಟ್ಟಳೆ ಏನೆಂದರೆ, ಹೋದ ಸಲ ಮುಂದಿದ್ದವರು ಈ ಸಲ ಕೊನೆಗೆ ಹೊರಡಬೇಕು. ನೀಲಗಂಗಾಳ ನಂತರ ಮೂವರು. ಅವಳಿಗೆ ಒಂದು ನಿಮಿಷ ಮುಂಚೆ ಹೊರಡಬೇಕಾದವಳದು ಹಳದಿ ಅಂಗಿ. ಒಳ್ಳೆಯ ಸವಾರಳು, ಜ್ವರಗಿರ ಇಲ್ಲ ಎಂದು ನೀಲಗಂಗಾ ಈ ಸಲ ವಿಚಾರಿಸಿಯೂ ಇಟ್ಟಿದ್ದಳು. ಇವಳನ್ನು ಹಿಡಿದು, ಹಿಡಿದ ಮೇಲೂ ಕಾಲು ಬಿಡದಿದ್ದರೆ ಪದಕ ಖಂಡಿತ. ರಾತ್ರಿ ಕಣ್ಣು ಮುಚ್ಚಿದರೂ ಹಳದಿಯೇ ಕಾಣುತ್ತಿತ್ತಂತೆ.

ರೇಸಿಗೆ ಅರ್ಧ ಗಂಟೆ ಇರುವಾಗ ಹಳದಿ ಅಂಗಿಯವಳು ಮೈ ಬಿಸಿ ಮಾಡಿಕೊಳ್ಳಲು ಹೋಗಿ ತಿರುವಿನಲ್ಲಿ ಜಾರಿ ಬಿದ್ದಳು. ಮುಂಗೈ ಮುರಿಯಿತು. ಆಸ್ಪತ್ರೆಗೆ ಕರೆದೊಯ್ದರು.

ಈಗ ಕೇಳು. ಈ ರೇಸಿನಲ್ಲಿ ಒಬ್ಬಳು ಬರದಿದ್ದರೆ ಹಿಂದಿನವಳನ್ನು ಮುಂದಕ್ಕೆ ತಳ್ಳುವುದಿಲ್ಲ. ಬರದವಳ ನಿಮಿಷವನ್ನು ಯಾರಿಗೂ ಕೊಡುವುದಿಲ್ಲ. ಅದು ಖಾಲಿಯೇ ಹೋಗುತ್ತದೆ. ಕಟ್ಟೆಯ ಮೇಲೆ ಯಾರೂ ಇರುವುದಿಲ್ಲ, ಗಡಿಯಾರ ಮಾತ್ರ ತನ್ನ ಕೆಲಸ ಮಾಡುತ್ತದೆ.

ನೀಲಗಂಗಾ ಮೆಟ್ಟಿಲ ಕೆಳಗೆ ನಿಂತಿದ್ದಳು. ಮುಂದೆ ರಸ್ತೆ ಬರಿದಾಗಿತ್ತು. ಇಪ್ಪತ್ತನಾಲ್ಕು ಕಿಲೋಮೀಟರು, ಎದುರಿಗೆ ಒಂದು ಬೆನ್ನಿಲ್ಲ. ಯಾರನ್ನೂ ನೋಡದೆ ತನಗೆ ಓಡಿಸಲು ಬರುವುದಿಲ್ಲ, ಇಷ್ಟು ವರ್ಷ ಓಡಿಸಿದ್ದೆಲ್ಲ ಬೇರೆಯವರ ಕಾಲಿನಿಂದ, ಆ ಆರು ಹುಡುಗಿಯರ ಸೈಕಲ್ಲು ತನ್ನಿಂದಲೇ ಹೋಯಿತು ಎಂದು ಅಕ್ಕೋರಿಗೆ ಹೇಳಿಬಿಟ್ಟಳು. ಅದು ಸುಳ್ಳೂ ಆಗಿರಲಿಲ್ಲ. ಅಕ್ಕೋರು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವುದು ಅವಳಿಗೆ ಬರುತ್ತಲೂ ಇರಲಿಲ್ಲ. ಆ ಹೊತ್ತಿಗೆ ಖಾಲಿ ಕಟ್ಟೆಯ ಮೇಲೆ ಗಡಿಯಾರ, ಹೊರಡು ಎಂಬಂತೆ, ಐದು ಸಲ ಕೂಗಿತು. ಅಕ್ಕೋರು ರಸ್ತೆಯ ಕಡೆಗೆ ಕೈ ಮಾಡಿದಳು.

"ಹೋದ್ಲು ನೋಡು. ನಿನಗಿಂತ ಒಂದ ನಿಮಿಷ ಮುಂದ ಅದಾಳ. ಹೋಗಿ ಹಿಡಿ."

ನೀಲಗಂಗಾ ರಸ್ತೆ ನೋಡಿದಳು, ಅಕ್ಕೋರ ಮುಖ ನೋಡಿದಳು. ಮೆಟ್ಟಿಲು ಹತ್ತಿದಳು. ನಿಮಿಷ ತುಂಬಿದಾಗ ಕಟ್ಟೆಯಿಂದ ಇಳಿದಳು.

ಹಿಂದಿನಿಂದ ಅಕ್ಕೋರು ಕಾರಿನಲ್ಲಿ ಬರುತ್ತಿದ್ದಳು. ಕಾರಿನಲ್ಲಿ ಮೈಕು ಇರುತ್ತದೆ. ಬೇರೆ ದೇಶದ ತರಬೇತುದಾರರು ಅದರಲ್ಲಿ ಇಷ್ಟು ಸೆಕೆಂಡು ಹಿಂದಿದ್ದೀ, ಇಷ್ಟು ಮುಂದಿದ್ದೀ ಎಂದು ಒಂದೇ ಸಮನೆ ಕೂಗುತ್ತಾರೆ. ಅಕ್ಕೋರು ಲೆಕ್ಕ ಹೇಳಲಿಲ್ಲ. ಆಗೊಮ್ಮೆ ಈಗೊಮ್ಮೆ, ಮುಂದಿದ್ದಾಳೆ ಎಂದಷ್ಟೇ ಹೇಳಿದಳು. ಏರಿನಲ್ಲಿ ಹೇಳಿದಳು. ಎದುರುಗಾಳಿಯಲ್ಲಿ ಹೇಳಿದಳು.

ಅರ್ಧ ದಾರಿ ಕಳೆದ ಮೇಲೆ ಒಂದು ಸೋಜಿಗ ನಡೆಯಿತು. ದೂರದಲ್ಲಿ ಒಂದು ಬೆನ್ನು ಕಂಡಿತು. ಅದು ಎರಡು ನಿಮಿಷ ಮುಂಚೆ ಹೊರಟವಳದು, ಹಸಿರು ಅಂಗಿ. ಎರಡು ನಿಮಿಷದ ಅಂತರವನ್ನು ನುಂಗುವುದು ಎಂದರೆ ಸಣ್ಣ ಮಾತಲ್ಲ. ರಸ್ತೆಬದಿಯ ಜನ ಚಪ್ಪಾಳೆ ಹೊಡೆದರು. ಹೋದ ವರ್ಷದ ನೀಲಗಂಗಾ ಆಗಿದ್ದರೆ ಅಲ್ಲಿಯೇ ರೇಸು ಮುಗಿಸಿಬಿಡುತ್ತಿದ್ದಳು. ಈ ಸಲ ಅವಳು ಹಸಿರು ಅಂಗಿಯನ್ನು ದೂರದಿಂದ ಬಳಸಿ, ಮೈಲಿಗಲ್ಲು ದಾಟಿದಂತೆ ದಾಟಿದಳು. ಅವಳು ಬೆನ್ನು ಹತ್ತಿದ್ದು ಇವಳನ್ನಲ್ಲವಲ್ಲ. ಒಂದು ನಿಮಿಷ ಮುಂಚೆ ಹೋದವಳು ಇನ್ನೂ ಮುಂದೆಯೇ ಇದ್ದಳು. ಅವಳಿಗೆ ಜ್ವರ ಬರುವುದಿಲ್ಲ. ಅವಳ ಚಕ್ರಕ್ಕೆ ಮುಳ್ಳು ಚುಚ್ಚುವುದಿಲ್ಲ. ತಿರುವು ದಾಟಿದಾಗಲೆಲ್ಲ ಅವಳು ಮುಂದಿನ ತಿರುವಿನ ಆಚೆಗೆ ಹೋಗಿರುತ್ತಾಳೆ. ಕಡೆಯ ಮೂರು ಕಿಲೋಮೀಟರಿನಲ್ಲಿ ನೀಲಗಂಗಾಳ ಬಾಯಲ್ಲಿ ರಕ್ತದ ರುಚಿ ಬಂತಂತೆ. ಕಾಲು ಸಡಿಲಾಗಲಿಲ್ಲ. ಯಾರನ್ನು ದಾಟಿದೆನೆಂದು ಸಡಿಲಾಗಬೇಕು?

ಗುರಿ ದಾಟಿ ಇಪ್ಪತ್ತು ಮಾರು ಹೋಗಿ ಸೈಕಲ್ ಸಮೇತ ಹುಲ್ಲಿನ ಮೇಲೆ ಉರುಳಿದಳು. ಯಾರೋ ಎಬ್ಬಿಸಿ ಒಂದು ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಯ ತನಕ ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಂಡವಳು ಆ ಕುರ್ಚಿಯಲ್ಲಿ ಕೂರಬೇಕು, ಅವಳನ್ನು ಮೀರಿಸಿದವಳು ಬಂದರೆ ಎದ್ದು ಬಿಟ್ಟುಕೊಡಬೇಕು. ಇನ್ನೂ ಮೂವರು ದಾರಿಯಲ್ಲಿದ್ದರು. ಮೊದಲನೆಯವಳು ಬಂದಳು, ಇಪ್ಪತ್ತು ಸೆಕೆಂಡು ಹೆಚ್ಚು. ಎರಡನೆಯವಳು ಹನ್ನೊಂದು ಸೆಕೆಂಡು ಹೆಚ್ಚು. ಅಲ್ಲಿಗೆ ಪದಕ ಬಂತು, ಸೈಕಲ್ಲೂ ಉಳಿಯಿತು. ಅಕ್ಕೋರು ಕಾರಿನ ಬಾಗಿಲಿಗೆ ಒರಗಿ ಕಣ್ಣು ಒರೆಸಿಕೊಂಡಳು. ಉಳಿದವಳು ಹೋದ ವರ್ಷದ ವಿಜೇತೆ. ಅರ್ಧ ದಾರಿಯಲ್ಲಿ ಅವಳು ನೀಲಗಂಗಾಳಿಗಿಂತ ನಾಲ್ಕು ಸೆಕೆಂಡು ಮುಂದಿದ್ದಳು. ಅವಳು ಕೊನೆಯ ತಿರುವಿನಲ್ಲಿ ಕಂಡಾಗ ಜನ ಎದ್ದು ನಿಂತರು. ಗಡಿಯಾರ ಓಡುತ್ತಲೇ ಇತ್ತು. ಅವಳು ಗುರಿಗೆ ಇನ್ನೂ ಎರಡು ಸೆಕೆಂಡಿನ ದೂರದಲ್ಲಿದ್ದಾಗ ನೀಲಗಂಗಾಳ ಹೊತ್ತು ಮುಗಿಯಿತು, ಅವಳದು ಮುಗಿಯಲಿಲ್ಲ.

ಹುಡುಗಿ ಗೆದ್ದಳು, ಚನ್ನವೀರಾ. ಮೊದಲನೆಯ ಸ್ಥಾನ. ಹೊಗಳಿಕೆಯ ಒಂದು ಮಾತು ಗೊತ್ತಿಲ್ಲದ ಅಕ್ಕೋರು ಓಡಿಬಂದು ಅವಳನ್ನು ಕುರ್ಚಿಯಿಂದ ಎತ್ತಿ, ಹೆಗಲ ಮೇಲೆ ಹೊತ್ತು ಎಲ್ಲರ ನಡುವೆ ಕುಣಿದಳು. ನಮ್ಮ ಬಾವುಟ ಎಲ್ಲಕ್ಕಿಂತ ಮೇಲೆ ಹೋಯಿತು, ನಮ್ಮ ಹಾಡು ಕೇಳಿಸಿತು. ಹಾಸ್ಟೆಲಿನಲ್ಲಿ ಆ ಆರು ಹುಡುಗಿಯರು ಊಟದ ತಟ್ಟೆ ಬಡಿದು ಬಡಿದು ನೆಗ್ಗಿಸಿದರು. ಕಾಗದ ಬರೆದ ಸಂಘದವರು ಗೆದ್ದೆತ್ತಿನ ಬಾಲ ಹಿಡಿದು ಹಾರ ತಂದರು. ಆರು ಹುಡುಗಿಯರಿಗೂ ಹೊಸ ಸೈಕಲ್ ಬಂತು. ಇದನ್ನೆಲ್ಲ ನನಗೆ ಹೇಳಿದವಳು ಪ್ರಸಾದಕ್ಕೆ ಬಂದಿದ್ದ ಅಕ್ಕೋರು. ಹೇಳುವಾಗಲೂ ಅವಳ ಕಣ್ಣು ತುಂಬಿದ್ದವು. ಕೇಳಿದ ನನ್ನವೂ ತುಂಬಿದವು, ಅದರಲ್ಲಿ ಮುಚ್ಚಿಡುವುದೇನಿದೆ.

ಆ ದಿನ ಸೋತ ಹಳೆಯ ವಿಜೇತೆ ನೀಲಗಂಗಾಳ ಕೈ ಕುಲುಕಲು ಬಂದಿದ್ದಳಂತೆ. ಒಳ್ಳೆಯ ಮನಸ್ಸಿನವಳು. ನಿನ್ನ ಮುಂದಿನ ಜಾಗ ಖಾಲಿ ಇತ್ತು, ನಾನಾಗಿದ್ದರೆ ಎದೆಗುಂದುತ್ತಿದ್ದೆ, ಮುಂದೆ ಯಾರೂ ಇಲ್ಲದೆ ಹೇಗೆ ಓಡಿಸಿದೆ ಎಂದು ಕೇಳಿದಳು. ಒಬ್ಬರ ಮಾತು ಇನ್ನೊಬ್ಬರ ಭಾಷೆಯಲ್ಲಿ ತಿಳಿಸುವವನೊಬ್ಬ ನಡುವೆ ನಿಂತಿದ್ದ. ನೀಲಗಂಗಾ ಹೇಳಿದ್ದನ್ನು ಕೇಳಿ, ಇವಳಿಗೆ ಪ್ರಶ್ನೆ ತಿಳಿಯಲಿಲ್ಲವೇನೋ ಎಂದು ಅವನು ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆಯೂ ಅದನ್ನೇ ಹೇಳಿದಳು.

"ಇದ್ಲು. ಸಿಗಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರಯ್ಯನಿಗೆ ಸಂತೋಷವೂ ಆಗಿತ್ತು, ಒಳಗೆ ಏನೋ ಕೊರೆಯುತ್ತಲೂ ಇತ್ತು. ಓದಿದವನಲ್ಲವೇ, ಅರ್ಥ ಬಿಡಿಸದೆ ಏಳಲು ಅವನಿಗೆ ಮನಸ್ಸು ಬರಲಿಲ್ಲ. ಆ ಮುಂದೆ ಹೋದವಳು ಯಾರು, ದೇವರೋ, ಅವಳದೇ ಆತ್ಮವೋ, ಅಥವಾ ಬರೀ ಅಕ್ಕೋರ ಉಪಾಯವೋ, ಅದೊಂದು ತಿಳಿದುಬಿಟ್ಟರೆ ನಾಳೆಯಿಂದಲೇ ಓದಲು ಕೂರುತ್ತೇನೆ ಎಂದು ಕೈಮುಗಿದು ಕೇಳಿದ.

ಗುರುಗಳು ಕೋಲು ಊರಿಕೊಂಡು ಮೇಲೆದ್ದರು.

"ಆ ಹುಡುಗಿ ನಿನಗಿಂತ ಶಾಣೇಕಿ, ಚನ್ನವೀರಾ. ಬೆನ್ನತ್ತೂದು ಬಿಟ್ಟು ಹೆಸರು ಕೇಳ್ಕೋತ ನಿಂದರಲಿಲ್ಲ."