ಕಂಪ್ಯೂಟರ್ ಕೆಮಿಸ್ಟ್ರಿ ಕಲಿತ ಸಂಪಂಗಿ

ನಗು ಬಂದ್ರೆ ನಗಿ, ಅಳು ಬಂದ್ರೆ ಅಳಿ, ತೂಕಡಿಸೋದು ಮಾತ್ರ ಬೇಡ. ಹೆಂಚಿನ ಕಾರ್ಖಾನೆಗಳ ಊರಲ್ಲಿ ಮುನಿಲಕ್ಷ್ಮಮ್ಮ ಅಂತ ಒಬ್ಳು ಟೀಚರಮ್ಮ. ಹೈಸ್ಕೂಲಲ್ಲಿ ಕೆಮಿಸ್ಟ್ರಿ ಹೇಳೋಳು. ಅವಳಿಗೆ ಒಬ್ಬನೇ ಮಗ, ಸಂಪಂಗಿ. ಅಮ್ಮನ ಕ್ಲಾಸಲ್ಲೇ ಓದೋನು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಕಷ್ಟ! ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿ ಬಂದ ಮೇಲೆ, ಇವನಿಗೆ ಹೇಳೋಕೆ ಅವಳ ಗಂಟಲಲ್ಲಿ ಏನೂ ಉಳೀತಿರಲಿಲ್ಲ.

ಆ ಸ್ಕೂಲಿನ ಲ್ಯಾಬಿಗೆ ಬಾಗಿಲಿತ್ತು, ಒಳಗೆ ಒಂದು ತೊಟ್ಟು ಆಸಿಡ್ ಇರಲಿಲ್ಲ. ಅದಕ್ಕೇ ಟೀಚರಮ್ಮ ಕಂಪ್ಯೂಟರಲ್ಲೇ ಪ್ರಯೋಗ ಮಾಡಿಸೋಳು. ಪರದೆ ಮೇಲೇ ಗಾಜಿನ ಪಾತ್ರೆ, ಪರದೆ ಮೇಲೇ ಉರಿ, ಪರದೆ ಮೇಲೇ ಆಸಿಡ್. ಮೌಸ್ ಒತ್ತಿದ್ರೆ ಹನಿ ಬೀಳೋದು, ಬಣ್ಣ ತಿರುಗೋದು.

"ಸಂಪಂಗಿ, ಈ ಲಿಟ್ಮಸ್ ಮೇಲೆ ಎರಡು ಹನಿ ನಿಂಬೆರಸ ಹಾಕು."

"ಹಂಗೇ ಆಗ್ಲಮ್ಮ."

ಓಡಿದ. ಬಿಸಿಯೂಟದ ಅಡುಗೆಮನೆಯಿಂದ ನಿಂಬೆಹಣ್ಣು ತಂದ. ಪರದೆ ಮೇಲೆ ಹಿಂಡೇಬಿಟ್ಟ! ಬೀಜಾನೂ ಬಿತ್ತು.

"ಅಯ್ಯೋ ನಿನ್ನ! ಇದು ನಿಜವಾದ್ದಲ್ವೋ, ಬರೀ ತೋರ್ಕೆ! ಕೈ ಹಾಕ್ಬೇಡ. ಸುಮ್ನೆ ಕೂತು ನೋಡು. ಏನಾಯ್ತು ಅಂತ ಕೊನೇಲಿ ಹೇಳು!"

"ಹಂಗೇ ಆಗ್ಲಮ್ಮ."

ಸಂಜೆ ಟೀಚರಮ್ಮ ಒಲೆ ಮೇಲೆ ಹಾಲಿಟ್ಟು, "ಸ್ವಲ್ಪ ನೋಡ್ಕೋ" ಅಂತ ಗೋಡೆಗೆ ಒರಗಿದ್ಳು. ಹಾಗೇ ಕಣ್ಣು ಹತ್ತಿತು. ಹಾಲು ಕಾಯ್ತು, ಸಂಪಂಗಿ ನೋಡ್ದ. ಉಕ್ತು, ನೋಡ್ದ. ಹರೀತು, ನೋಡ್ದ. ಪಾತ್ರೆ ಸೀದು ಹೊಗೆ ಎದ್ದ ಮೇಲೆ ಅಮ್ಮನ್ನ ಎಬ್ಬಿಸ್ದ.

"ಅಮ್ಮಾ, ಬಿಳೀದು ಕಪ್ಪಾಯ್ತು!"

ಬೈಯೋಕೂ ಅವಳಿಗೆ ತ್ರಾಣ ಇರಲಿಲ್ಲ. ಆದ್ರೂ ಬೈದ್ಳು. "ಉಕ್ಕೋದನ್ನ ನೋಡ್ತಾ ಕೂರ್ತಾರೇನೋ? ಎದ್ದು ಹೋಗಿ ಮೂಲದಲ್ಲೇ ಆಫ್ ಮಾಡ್ಬೇಕಪ್ಪಾ!"

"ಹಂಗೇ ಆಗ್ಲಮ್ಮ."

ಮಾರನೇ ದಿನ ಶಿಕ್ಷಣ ಇಲಾಖೆ ಸಾಹೇಬ್ರು ಬಂದ್ರು, ಕಂಪ್ಯೂಟರ್ ಪಾಠ ನೋಡೋಕೆ. ಇಡೀ ಕ್ಲಾಸಿಗೆ ಇದ್ದದ್ದು ಒಂದೇ ಕಂಪ್ಯೂಟರು. ಅವರು ಮೆಚ್ಚಿದ್ರೆ ಇನ್ನಷ್ಟು ಬರೋದಿತ್ತು. ಟೀಚರಮ್ಮ ಒಳ್ಳೇ ಸೀರೆ ಉಟ್ಟಿದ್ಳು. ಪರದೆ ಮೇಲೆ ಉರಿ ಹಚ್ಚಿದ್ಳು, ಪಾತ್ರೆ ಕುದೀತು, ನೊರೆ ಉಕ್ತು. ಸಂಪಂಗಿ ಎದ್ದ. ಹೊರಗೆ ಹೋದ. ಸ್ಕೂಲಿನ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ!

ಪರದೆ ಕಪ್ಪು. ಫ್ಯಾನು ನಿಂತ್ವು. ಸಾಹೇಬ್ರು ಬೆವರು ಒರೆಸ್ಕೊಂಡು, "ಕರೆಂಟೇ ಇಲ್ಲದ ಸ್ಕೂಲಿಗೆ ಕಂಪ್ಯೂಟರ್ ಯಾಕಮ್ಮ?" ಅಂತ ಜೀಪು ಹತ್ತಿದ್ರು.

ರಾತ್ರಿ ಊಟ ಮಾಡದೆ ಕೂತ ಟೀಚರಮ್ಮ ಕೊನೆಗೆ ಅಂದ್ಳು: "ಆದದ್ದಾಯ್ತು. ನಾಳೆ ಕಂಪ್ಯೂಟರಲ್ಲೇ ಪ್ರಾಕ್ಟಿಕಲ್ ಪರೀಕ್ಷೆ. ಇದೊಂದು ಪಾಸಾಗಪ್ಪಾ, ಸಾಕು. ಪಾತ್ರೆಗೆ ಹನಿ ಹನಿಯಾಗಿ ಹಾಕ್ತಾ ಹೋಗು. ಗುಲಾಬಿ ಬಣ್ಣ ಕಂಡ ತಕ್ಷಣ ನಿಂತ್ಬಿಡು. ಯಾರೇ ಏನೇ ಅನ್ಲಿ, ಚೂರು ಮುಂದೆ ಹೋದ್ರೂ ಕೆಟ್ಟಿತು!"

"ಹಂಗೇ ಆಗ್ಲಮ್ಮ."

ಬೆಳಗ್ಗೆ ಅವಳು ಮುಂಚೆ ಹೋದ್ಳು. ಮಕ್ಕಳೆಲ್ಲ ಬಂದ್ರು, ಪರೀಕ್ಷೆ ಮುಗಿಸಿದ್ರು, ಹೋದ್ರು. ಸಂಪಂಗಿ ಮಾತ್ರ ಬರಲೇ ಇಲ್ಲ. ಹುಡುಕ್ತಾ ಹೊರಟ್ಳು. ಬೀದೀಲಿ ಯಾರದ್ದೋ ಮನೆಗೆ ಗುಲಾಬಿ ಬಣ್ಣ ಹೊಡೀತಿದ್ರು. ಅದರ ಮುಂದೆ ಒಂದು ಕಾಲೆತ್ತಿ ಕೊಕ್ಕರೆ ಹಂಗೆ ನಿಂತಿದ್ದ ಸಂಪಂಗಿ!

"ಬೆಳಗ್ಗೆಯಿಂದ ಹಿಂಗೇ ನಿಂತವ್ನೆ ತಾಯಿ. ಹೋಗಪ್ಪಾ ಅಂದ್ರೂ ಹೋಗ್ತಿಲ್ಲ" ಅಂದ ಬಣ್ಣದೋನು.

"ಅಮ್ಮಾ, ಸರಿಯಾಗಿ ನಿಂತೆ! ಒಂದು ಹೆಜ್ಜೆನೂ ಮುಂದೆ ಹೋಗಿಲ್ಲ!"

ಅವನ ಮುಖದಲ್ಲಿ ಏನು ಹಿಗ್ಗು! ಬೈಬೇಕು ಅಂತ ಅವಳು ಬಾಯಿ ತೆಗೆದ್ಳು. ಅವನ ತಲೆ ಸವರಿದ್ಳು.

"ಸರಿ ಕಣಪ್ಪಾ. ಕಾಲು ಇಳಿಸು, ಮನೆಗೆ ಹೋಗೋಣ."

"ಇಳಿಸಿದ್ರೆ ಮುಂದೆ ಹೋದಂಗೆ ಆಗಲ್ವಾ?"

"ಹಾಗಾದ್ರೆ ಹಿಂದಕ್ಕೆ ಇಡು."

"ಹಂಗೇ ಆಗ್ಲಮ್ಮ."

ಹಿಂದಕ್ಕೆ ಇಟ್ಟ. ಹಿಂದೆ ಬಣ್ಣದ ಬಕೆಟ್ಟು! ಮೊಣಕಾಲ ತನಕ ಮುಳುಗ್ತು. ಸಂಪಂಗಿ ಬಗ್ಗಿ ತನ್ನ ಕಾಲು ತಾನೇ ನೋಡ್ಕೊಂಡ. ಗುಲಾಬಿ!

ಅಲ್ಲೇ ನಿಂತ್ಬಿಟ್ಟ.

ಟೀಚರಮ್ಮ ಆ ಮನೆ ಜಗಲಿ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ಚಾಚಿದ್ಳು.

"ಎಷ್ಟು ಹೊತ್ತು ಕೂರ್ತೀರಾ ತಾಯಿ?" ಅಂದ ಬಣ್ಣದೋನು.

"ಕತ್ತಲಾಗ್ಲಿ ಅಣ್ಣಾ," ಅಂದ್ಳು. "ಕತ್ತಲಲ್ಲಿ ಬಣ್ಣ ಕಾಣಲ್ಲ. ಆಗ ಬರ್ತಾನೆ."