ಮಡುವಿನ ಕೆಳಗಣ ಬಣ್ಣದ ಕಾರ್ಖಾನೆ

“ಬುದ್ಧಿ, ತಪ್ಪನ್ನು ತಾನೇ ಅರಿತು, ಅದಕ್ಕಾಗಿ ಅತ್ತು, ತಿದ್ದಿಕೊಂಡವನಿಗೂ ಮನಶ್ಶಾಂತಿ ದೊರೆಯದೆ ಹೋಗುವುದುಂಟೆ?” ಎಂದು ಶಿಷ್ಯ ಚನ್ನವೀರನು ಕೇಳಿದನು.

ಗುರುಗಳು ಅವನಿಗೆ ನೆಟ್ಟಗೆ ಕುಳಿತುಕೊಳ್ಳಲು ಹೇಳಿದರು. ಕುಳಿತ ಮೇಲೆ ಕತೆ ಆರಂಭಿಸಿದರು.

ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಗುಡಿ. ಗುಡಿಯ ಮುಂದೆ ಆಳವಾದ ಮಡು. ಆ ಮಡುವಿನ ಮೀನುಗಳು ದೇವರವು. ಅಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಬಂದವರು ಪುರಿ ಎರಚಿ, ಕೈಮುಗಿದು ಹೋಗುತ್ತಿದ್ದರು.

ಹೊಳೆಯ ಹರಿವಿನಲ್ಲಿ ಮಡುವಿಗಿಂತ ಮೇಲೆ ಒಬ್ಬ ಬಣ್ಣಗಾರನ ಕಾರ್ಖಾನೆಯಿತ್ತು. ನೂಲಿಗೆ ಬಣ್ಣ ಹಾಕಿ ಉಳಿದ ನೀರನ್ನು, ಅದರಲ್ಲಿದ್ದ ಸುಣ್ಣ, ಉಪ್ಪು, ಆಮ್ಲಗಳ ಸಮೇತ, ಅವನು ಹೊಳೆಗೆ ಬಿಡುತ್ತಿದ್ದನು. ತಂದೆಯ ಕಾಲದಿಂದ ನಡೆದು ಬಂದ ರೂಢಿ; ಯಾರೂ ಆಕ್ಷೇಪಿಸಿರಲಿಲ್ಲ. ಅವನು ಕೆಟ್ಟವನಲ್ಲ. ಮುಂಜಾನೆ ಮೀನುಗಳಿಗೆ ಪುರಿ ಹಾಕದೆ ತಾನು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹೊಳೆ ಸೊರಗಿತು. ಬಣ್ಣದ ನೀರು ಹಾಗೆಯೇ ಮಡುವಿಗೆ ಇಳಿಯಿತು. ಹನ್ನೊಂದು ಮೀನುಗಳು ಸತ್ತು ತೇಲಿದವು. ಊರು ಅವನನ್ನು ದೂರಲಿಲ್ಲ; ಅವನೇ ತನ್ನನ್ನು ದೂರಿಕೊಂಡನು. ಅವುಗಳನ್ನು ತನ್ನ ಕೈಯಾರೆ ಹೂತನು.

ಗುಡಿಯ ಮೇಲ್ಭಾಗದಲ್ಲಿ ಬಟ್ಟೆ ಒಗೆಯಬಾರದು, ಕೆಳಭಾಗದಲ್ಲಿ ಒಗೆಯಬಹುದು ಎಂಬುದು ಆ ಹೊಳೆಯ ಕಟ್ಟಳೆ. ಬಣ್ಣಗಾರನು ಅದನ್ನೇ ಅನುಸರಿಸಿದನು. ಬಣ್ಣ ಕಲಸುವ ಬಾನಿ, ಒಲೆ, ಕೊಳವೆ, ಛಾವಣಿ ಎಲ್ಲವನ್ನೂ ಕಿತ್ತು ಮಡುವಿನ ಕೆಳಕ್ಕೆ ಸಾಗಿಸಿದನು. ಪೂಜಾರಿ ಅವನಿಗೆ ಶಾಲು ಹೊದಿಸಿ, “ದೇವರು ಮೇಲೆ, ನೀನು ಕೆಳಗೆ. ಈಗ ಸರಿಹೋಯಿತು ನೋಡಪ್ಪ” ಎಂದನು.

ಮಡು ತಿಳಿಯಾಯಿತು. ಆದರೆ ಮೀನುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಬಣ್ಣಗಾರನು ನೀರುನಾಯಿಗಳನ್ನು ಶಂಕಿಸಿ, ಕಾವಲಿಗೆ ಆಳನ್ನಿಟ್ಟನು. ಪುರಿಗೆ ಹುರಿಗಡಲೆ ಬೆರೆಸಿದನು. ಫಲ ಕಾಣಲಿಲ್ಲ. ಏಳನೆಯ ವರ್ಷ ಒಂಬತ್ತು ಮೀನುಗಳು ಉಳಿದವು.

ದಡದಲ್ಲಿ ಬೆಸ್ತರ ಮುದುಕಿಯೊಬ್ಬಳು ಬಲೆ ಹೆಣೆಯುತ್ತಿದ್ದಳು. ಅವನು ಅವಳನ್ನು ಕೇಳಿದನು: “ಅಜ್ಜಿ, ನನ್ನ ಮೀನುಗಳನ್ನು ತಿನ್ನುತ್ತಿರುವುದು ಯಾವ ಪ್ರಾಣಿ?”

“ವಯಸ್ಸು ತಿನ್ನುತ್ತಿದೆ, ಧಣಿ. ಮುದಿಯಾದವು ಹೋಗುತ್ತವೆ. ನಾಳೆ ನಾನೂ ಹೋಗುತ್ತೇನೆ. ನನಗೂ ಒಬ್ಬ ಕಾವಲಿನವನನ್ನು ಇಡುತ್ತೀರೇನು?” ಎಂದು ಮುದುಕಿ ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. “ಮಡುವಿನಲ್ಲಿ ಮರಿ ಕಂಡು ಎಷ್ಟು ಕಾಲವಾಯಿತು?”

ಅವನಿಗೆ ನೆನಪಾಗಲಿಲ್ಲ.

“ಇವು ಹೊಳೆ ಹತ್ತುವ ಜಾತಿಯ ಮೀನು, ಧಣಿ. ಕೆಳಗಿನ ದೊಡ್ಡ ಹೊಳೆಯಲ್ಲಿ ಬೆಳೆಯುತ್ತವೆ. ಮೊದಲ ಮಳೆಗೆ ಪ್ರವಾಹಕ್ಕೆ ಎದುರಾಗಿ ಹತ್ತಿ ಬಂದು ಇಲ್ಲಿಯ ಹರಳುಗಲ್ಲಿನಲ್ಲಿ ಮೊಟ್ಟೆಯಿಡುತ್ತವೆ; ಕೆಲವು ಈ ಮಡುವಿನಲ್ಲೇ ಉಳಿಯುತ್ತವೆ. ಮೊದಲು ನಿಮ್ಮ ಬಣ್ಣ ಮಡುವಿನ ನೀರಿನಲ್ಲಿ ಬೆರೆತು ತೆಳುವಾಗಿ ಕೆಳಗೆ ಹೋಗುತ್ತಿತ್ತು; ಈಗ ಆ ದಾರಿಯಲ್ಲೇ ನಿಮ್ಮ ಕೊಳವೆಯಿದೆ. ಗುಡಿಯನ್ನೇನೋ ತೊಳೆದಿರಿ, ಬಾಗಿಲಿಗೆ ಬೀಗ ಹಾಕಿದಿರಿ.”

ಮೊದಲ ಮಳೆ ಬಿದ್ದ ದಿನ ಬಣ್ಣಗಾರನು ಕೊಳವೆಯ ಬಳಿ ನಿಂತು ನೋಡಿದನು. ಕೆಳಗಿನಿಂದ ಮೀನುಗಳು ಬಂದವು. ನೀರಿನ ಬಣ್ಣ ಬದಲಾಗುವ ಕಡೆ ತಡೆದು ನಿಂತವು. ಹಿಂದಿರುಗಿದವು. ಒಂದು ಮಾತ್ರ ಹಿಂದಿರುಗಲಿಲ್ಲ. ಅದರ ಹೊಟ್ಟೆ ಮೊಟ್ಟೆಗಳಿಂದ ಬಿಗಿದಿತ್ತು. ಅದು ಮೂರು ಸಲ ನುಗ್ಗಿತು. ಮೂರು ಸಲವೂ ಮಗುಚಿ ಹೊರಳಿತು. ಅವನು ಎದೆಮಟ್ಟದ ನೀರಿಗೆ ಇಳಿದನು. ಅದನ್ನು ತೋಳುಗಳಲ್ಲಿ ಎತ್ತಿಕೊಂಡು, ದಡದ ಮೇಲೆ ಓಡಿ, ಮಡುವಿಗೆ ಬಿಟ್ಟನು. “ಹೋಗು ತಾಯಿ, ಹೋಗು” ಎಂದನು.

ಅದು ಹೊಟ್ಟೆ ಮೇಲಾಗಿ ತೇಲಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರನ ಕಣ್ಣುಗಳು ತುಂಬಿದ್ದವು. “ಪಾಪ, ಬುದ್ಧಿ! ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇನ್ನೂ ಎರಡು ಹರದಾರಿ ಕೆಳಗೆ ಕಟ್ಟಿಸಿದ್ದರೆ ಸಾಕಾಗುತ್ತಿತ್ತು.”

ಗುರುಗಳು ಅವನನ್ನೇ ನೋಡಿ ಹೇಳಿದರು: “ಅಲ್ಲಿ ಯಾರೂ ಇಲ್ಲವೆಂದು ನಿನಗೆ ಹೇಳಿದವರು ಯಾರು?”